ಕೋಟು ಕಳಚಿದ ಕಚೇರಿಗಳು

1979ರ ಜುಲೈ 16, ಸೋಮವಾರ. ಅಮೆರಿಕದ ಕಚೇರಿ, ಬ್ಯಾಂಕು, ಅಂಗಡಿ, ಚಿತ್ರಮಂದಿರಗಳ ಗೋಡೆಯ ಮೇಲಿದ್ದ ಒಂದು ಸಣ್ಣ ಪೆಟ್ಟಿಗೆ ಅಂದಿನಿಂದ ಕಾನೂನಿನ ಕಟ್ಟಿಗೆ ಒಳಪಟ್ಟಿತು. ಥರ್ಮೋಸ್ಟಾಟ್ ಎಂಬ ಆ ಪೆಟ್ಟಿಗೆಯ ಕೆಲಸ ಸರಳ. ಕೋಣೆ ಎಷ್ಟು ತಂಪಾಗಬೇಕು, ಎಷ್ಟು ಬೆಚ್ಚಗಾಗಬೇಕು ಎಂಬುದನ್ನು ಅದು ಯಂತ್ರಕ್ಕೆ ತಿಳಿಸುತ್ತದೆ. ಬೇಸಿಗೆಯಲ್ಲಿ ಅದನ್ನು 78 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 25.6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸಕೂಡದು ಎಂಬುದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಆಜ್ಞೆ. ಚಳಿಗಾಲದಲ್ಲಿ ಕೋಣೆಯನ್ನು 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (18.3 ಸೆಲ್ಸಿಯಸ್) ಹೆಚ್ಚು ಕಾಯಿಸುವಂತಿಲ್ಲ. ನಲ್ಲಿಯ ಬಿಸಿನೀರು ಕೂಡ 105 ಡಿಗ್ರಿ ಫ್ಯಾರನ್‌ಹೀಟ್ ಮೀರುವಂತಿಲ್ಲ. ನಿಯಮ ಪಾಲಿಸುತ್ತಿರುವುದಾಗಿ ಹೇಳುವ ಪ್ರಮಾಣಪತ್ರವನ್ನು ಕಟ್ಟಡದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಬೇಕೆಂದೇ ಮುರಿದವರಿಗೆ 10 ಸಾವಿರ ಡಾಲರ್‌ವರೆಗೆ ದಂಡ.

ಹವಾನಿಯಂತ್ರಣವನ್ನು ಕಂಡುಹಿಡಿದ ದೇಶವೇ ಅದಕ್ಕೆ ಮೂಗುದಾರ ಹಾಕಲು ಹೊರಟದ್ದು ಸೋಜಿಗ. ಆ ಆಜ್ಞೆ ಬಾಳಿದ್ದು ಒಂದೂವರೆ ವರ್ಷದಷ್ಟು ಮಾತ್ರ. ಆದರೆ ಅದು ಎತ್ತಿದ ಪ್ರಶ್ನೆ ಟೋಕಿಯೊ, ಬೀಜಿಂಗ್, ಢಾಕಾ, ಮ್ಯಾಡ್ರಿಡ್‌ಗಳನ್ನು ಸುತ್ತಿ ದೆಹಲಿಗೂ ಬಂದಿದೆ. ಹತ್ತಾರು ಮಂದಿ ಕೂತು ಕೆಲಸ ಮಾಡುವ ಕಚೇರಿ ಎಷ್ಟು ತಂಪಾಗಿರಬೇಕು? ಅದನ್ನು ತೀರ್ಮಾನಿಸುವವರು ಯಾರು? ಈ ಪ್ರಶ್ನೆಯ ಉತ್ತರ ಹುಡುಕುತ್ತಾ ಹೋದರೆ ಯಂತ್ರಕ್ಕಿಂತ ಮೊದಲು ಎದುರಾಗುವುದು ಒಂದು ಕೋಟು, ಒಂದು ಟೈ.

ಕಾಗದಕ್ಕಾಗಿ ಹುಟ್ಟಿದ ತಂಪು

ಹವಾನಿಯಂತ್ರಣ ಹುಟ್ಟಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯಕ್ಕೆ ವಿಚಿತ್ರ ತೊಂದರೆ. ಬಣ್ಣದ ಚಿತ್ರ ಮುದ್ರಿಸಲು ಒಂದೇ ಹಾಳೆಯನ್ನು ಹಲವು ಸಲ ಯಂತ್ರಕ್ಕೆ ಕೊಡಬೇಕು. ಬೇಸಿಗೆಯ ಆರ್ದ್ರ ಗಾಳಿಗೆ ಕಾಗದ ಹಿಗ್ಗುತ್ತಿತ್ತು, ಒಣಗಿದಾಗ ಕುಗ್ಗುತ್ತಿತ್ತು. ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಆಗಷ್ಟೇ ಕೆಲಸಕ್ಕೆ ಸೇರಿದ್ದ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್, ತಣ್ಣೀರು ಹರಿಯುವ ಕೊಳವೆಗಳ ಮೇಲೆ ಗಾಳಿ ಹಾಯಿಸಿ ಅದರ ತೇವವನ್ನು ಹಿಡಿತಕ್ಕೆ ತರುವ ವ್ಯವಸ್ಥೆಯ ನಕ್ಷೆ ಬರೆದ. ‘ಏರ್ ಕಂಡೀಷನಿಂಗ್’ ಎಂಬ ಹೆಸರು ಬಂದದ್ದು 1906ರಲ್ಲಿ, ಬಟ್ಟೆ ಗಿರಣಿಗಳಿಂದ. ಅಲ್ಲಿ ನೂಲು ಕಡಿಯದಂತೆ ಗಾಳಿಯನ್ನು ಹದಗೊಳಿಸಬೇಕಿತ್ತು. ಕಾಗದ ಮತ್ತು ನೂಲಿಗೆ ಸಿಕ್ಕ ಸುಖ ಮನುಷ್ಯರಿಗೆ ಸಿಗಲು ಇನ್ನೂ ಎರಡು ದಶಕ ಕಾಯಬೇಕಾಯಿತು.

ಚಿತ್ರಮಂದಿರಗಳ ಹಿಂದೆಯೇ ಸರ್ಕಾರಿ ಕಟ್ಟಡಗಳು ಬಂದವು. ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಪ್ರತಿನಿಧಿ ಸಭೆಯ ಸಭಾಂಗಣ 1928ರಲ್ಲಿ, ಸೆನೆಟ್ ಸಭಾಂಗಣ 1929ರಲ್ಲಿ ಹವಾನಿಯಂತ್ರಿತವಾದವು. ಎರಡನೇ ಮಹಾಯುದ್ಧದ ನಂತರ ಕಟ್ಟಡಗಳ ರೂಪವೇ ಬದಲಾಯಿತು. 1952ರಲ್ಲಿ ನ್ಯೂಯಾರ್ಕಿನಲ್ಲಿ ಮೇಲೆದ್ದ ಲಿವರ್ ಹೌಸ್ ಎಂಬ ಗಾಜಿನ ಗೋಪುರದ ಕಿಟಕಿಗಳನ್ನು ತೆರೆಯಲಿಕ್ಕೇ ಬರುತ್ತಿರಲಿಲ್ಲ. ತೆರೆಯುವ ಅಗತ್ಯವೇನು? ಒಳಗಿನ ಗಾಳಿಯ ಹೊಣೆ ಯಂತ್ರದ್ದು. ಆಮೇಲೆ ಅಂಥ ಗೋಪುರಗಳು ಊರೂರಲ್ಲಿ ಎದ್ದವು. ಬಾಗಿಲು ಕಿಟಕಿಗೆ ಇದ್ದ ಕೆಲಸ ಹೋಗಿ ವಿದ್ಯುತ್ ಬಿಲ್ಲಿಗೆ ಕೆಲಸ ಬಂತು. ವಿದ್ಯುತ್ ಅಗ್ಗವಾಗಿರುವವರೆಗೆ ಇದನ್ನು ಯಾರೂ ಕೇಳಲಿಲ್ಲ.

ಕೇಳುವ ಕಾಲ ಬಂದದ್ದು 1973ರ ಅಕ್ಟೋಬರ್‌ನಲ್ಲಿ. ಅರಬ್ ದೇಶಗಳು ತೈಲ ನಿಲ್ಲಿಸಿದವು, ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟು ಏರಿತು. ಮನೆಗಳಲ್ಲಿ ಶಾಖ ಇಳಿಸಿಕೊಳ್ಳಿ ಎಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ನವೆಂಬರ್‌ನಲ್ಲಿ ದೇಶಕ್ಕೆ ಕರೆ ಕೊಟ್ಟರು. ಬೇಸಿಗೆಯಲ್ಲೂ ಅಗ್ಗಿಷ್ಟಿಕೆ ಉರಿಸಿ, ಆ ಬಿಸಿ ತಡೆಯಲು ಹವಾನಿಯಂತ್ರಣ ಯಂತ್ರ ಹಾಕಿಸಿಕೊಂಡು ಕೂರುವುದು ಇದೇ ನಿಕ್ಸನ್ನರ ಅಭ್ಯಾಸ ಎಂಬ ಮಾತು ಆ ಕಾಲದಲ್ಲಿ ಪ್ರಸಿದ್ಧವಾಗಿತ್ತು. ಹೇಳುವವರ ಕೋಣೆ ಒಂದು ಬಗೆ, ಕೇಳುವವರ ಕೋಣೆ ಇನ್ನೊಂದು ಬಗೆ.

ಕಾರ್ಟರ್ ಆ ಜಾಯಮಾನದವರಲ್ಲ. ಅಧಿಕಾರ ವಹಿಸಿಕೊಂಡು ಎರಡು ವಾರ ಕಳೆಯುವಷ್ಟರಲ್ಲಿ, 1977ರ ಫೆಬ್ರುವರಿ 2ರಂದು, ಶ್ವೇತಭವನದ ಗ್ರಂಥಾಲಯದಲ್ಲಿ ಉಣ್ಣೆಯ ಸ್ವೆಟರ್ ತೊಟ್ಟು ದೂರದರ್ಶನದ ಮುಂದೆ ಕೂತರು. ಹಗಲು 65, ರಾತ್ರಿ 55 ಡಿಗ್ರಿ ಫ್ಯಾರನ್‌ಹೀಟ್ ಸಾಕು ಎಂದು ಜನರಿಗೆ ಹೇಳಿದರು. ಆ ಸ್ವೆಟರ್ ಅಮೆರಿಕದ ರಾಜಕೀಯದಲ್ಲಿ ಇಂದಿಗೂ ಗಾದೆಯಂತೆ ಉಳಿದಿದೆ. ಕೆಲವರು ಮೆಚ್ಚಿದರು, ಹೆಚ್ಚಿನವರು ನಕ್ಕರು. ಆದರೆ ಕಾರ್ಟರ್ ಅಂದು ಅರಿತೋ ಅರಿಯದೆಯೋ ವಿಷಯದ ನಾಡಿ ಹಿಡಿದಿದ್ದರು. ಡಿಗ್ರಿಯ ಲೆಕ್ಕಕ್ಕೂ ಉಡುಪಿಗೂ ಇರುವ ನಂಟನ್ನು ಮಾತಿನಲ್ಲಿ ಹೇಳುವ ಬದಲು ಮೈಮೇಲೆ ಹಾಕಿಕೊಂಡೇ ತೋರಿಸಿದ್ದರು.

ಒಂದೂವರೆ ವರ್ಷದ ಕಾನೂನು

1979ರ ಆರಂಭದಲ್ಲಿ ಇರಾನಿನ ಷಾ ದೇಶ ಬಿಟ್ಟು ಹೋದರು. ಅಲ್ಲಿನ ತೈಲ ಉತ್ಪಾದನೆ ಕುಸಿಯಿತು. ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಮತ್ತೆ ಕಾರುಗಳ ಸಾಲು. ತುರ್ತು ಸಂದರ್ಭಕ್ಕೆಂದು ಯೋಜನೆಗಳನ್ನು ಸಿದ್ಧಪಡಿಸಿಕೊಳ್ಳುವ ಅಧಿಕಾರವನ್ನು 1975ರ ಇಂಧನ ಕಾಯ್ದೆ ಅಧ್ಯಕ್ಷರಿಗೆ ಕೊಟ್ಟಿತ್ತು. ಕಾರ್ಟರ್ ಸಂಸತ್ತಿಗೆ ಕಳಿಸಿದ ಯೋಜನೆಗಳಲ್ಲಿ ಕಟ್ಟಡಗಳ ತಾಪಮಾನದ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಜುಲೈ 10ರಂದು ಘೋಷಣೆ, 16ರಿಂದ ಜಾರಿ. ನಡುವಿನ 15ರ ರಾತ್ರಿ ಕಾರ್ಟರ್ ದೇಶವನ್ನುದ್ದೇಶಿಸಿ, ಅಮೆರಿಕದ ಜನತೆ ತನ್ನ ಮೇಲೆ ತಾನೇ ವಿಶ್ವಾಸ ಕಳೆದುಕೊಂಡಿದೆ ಎಂಬ ಅರ್ಥದ ಆ ಹೆಸರಾಂತ ಭಾಷಣ ಮಾಡಿದರು. ಅದನ್ನು ಕೇಳಿ ಮಲಗಿದವರು ಮರುದಿನ ಕಚೇರಿಗೆ ಬಂದಾಗ ಕೋಣೆ ಎಂದಿಗಿಂತ ಬೆಚ್ಚಗಿತ್ತು.

ನಿಯಮ ಕಣ್ಣುಮುಚ್ಚಿ ಬರೆದದ್ದಲ್ಲ. ಮನೆಗಳಿಗೆ, ಆಸ್ಪತ್ರೆಗಳಿಗೆ, ಹೋಟೆಲಿನ ಮಲಗುವ ಕೋಣೆಗಳಿಗೆ ವಿನಾಯಿತಿ ಇತ್ತು. ಅದರಲ್ಲಿದ್ದ ಇನ್ನೊಂದು ವಿನಾಯಿತಿಯನ್ನು ಕರಾವಳಿಯ ಜನ ಕೂಡಲೇ ಅರ್ಥಮಾಡಿಕೊಳ್ಳುತ್ತಾರೆ. ಮಂಗಳೂರಿನ 30 ಡಿಗ್ರಿಗೂ ರಾಯಚೂರಿನ 30 ಡಿಗ್ರಿಗೂ ವ್ಯತ್ಯಾಸವಿದೆ. ಒಂದರಲ್ಲಿ ಬೆವರು ಆರುವುದಿಲ್ಲ, ಇನ್ನೊಂದರಲ್ಲಿ ಆರುತ್ತದೆ. ಮೈ ತಂಪಾಗುವುದು ಬೆವರು ಆರಿದಾಗ. ಹಾಗಾಗಿ ಕಾರ್ಟರ್ ನಿಯಮ ಬರೆದವರು ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿದರು. ತೇವ ಹೆಚ್ಚಿರುವ ಕಡೆ, ಗಾಳಿಯ ಇಬ್ಬನಿ ಬಿಂದು 65 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುವವರೆಗೆ ಕೋಣೆಯನ್ನು 78ಕ್ಕಿಂತ ಕೆಳಗೂ ತಂಪು ಮಾಡಬಹುದಿತ್ತು. ನಂತರದ ವರ್ಷಗಳಲ್ಲಿ ಬೇರೆ ಬೇರೆ ದೇಶಗಳು ಹೊರಡಿಸಿದ ಎಷ್ಟೋ ಆದೇಶಗಳಲ್ಲಿ ಇಷ್ಟು ವಿವೇಕವೂ ಕಾಣುವುದಿಲ್ಲ. ಒಂದು ಸಂಖ್ಯೆ ಹೇಳಿ ಸುಮ್ಮನಾದವೇ ಹೆಚ್ಚು.

ಆದರೂ ಅದು ಜನರ ಮನಸ್ಸಿಗೆ ಇಳಿಯಲಿಲ್ಲ. ಲಕ್ಷಾಂತರ ಕಟ್ಟಡಗಳ ಒಳಗೆ ಹೋಗಿ ತಾಪಮಾಪಕ ನೋಡುವ ಸಿಬ್ಬಂದಿ ಎಲ್ಲಿಂದ ಬರಬೇಕು? ಕಾರ್ಟರ್ ಎರಡು ಸಲ ಗಡುವು ವಿಸ್ತರಿಸಿದರು. ಎರಡನೆಯದು 1981ರ ಜನವರಿಯಲ್ಲಿ, ಅಧಿಕಾರದಿಂದ ಇಳಿಯುವ ಕೆಲವೇ ದಿನ ಮೊದಲು. ಅವರ ನಂತರ ಬಂದ ರೊನಾಲ್ಡ್ ರೇಗನ್ ಫೆಬ್ರುವರಿ 17ರಂದು ಇಡೀ ನಿಯಮವನ್ನೇ ರದ್ದು ಮಾಡಿದರು. ಅದು ಸರ್ಕಾರದ ಅತಿಯಾದ ಹಸ್ತಕ್ಷೇಪ ಎಂಬುದು ಅವರ ವಾದ. ಕಾರ್ಟರ್ ಶ್ವೇತಭವನದ ಸೂರಿನ ಮೇಲೆ ಹಾಕಿಸಿದ್ದ ಸೌರಫಲಕಗಳನ್ನೂ ರೇಗನ್ ಕಾಲದಲ್ಲೇ, 1986ರಲ್ಲಿ, ಕೆಳಗಿಳಿಸಲಾಯಿತು.

ಇದೇ ಅವಧಿಯ ಇನ್ನೊಂದು ಉಳಿತಾಯ ದುಬಾರಿಯಾಯಿತು. ಹೊರಗಿನ ಗಾಳಿಯನ್ನು ಒಳಗೆ ತಂದಷ್ಟೂ ಅದನ್ನು ತಂಪು ಮಾಡುವ ಖರ್ಚು ಹೆಚ್ಚು. ಹೀಗಾಗಿ ಕಟ್ಟಡಗಳ ಒಳಕ್ಕೆ ಬರುವ ಹೊಸ ಗಾಳಿಗೇ ಕತ್ತರಿ ಬಿತ್ತು. ಅಮೆರಿಕದ ಎಂಜಿನಿಯರುಗಳ ಸಂಘದ 1981ರ ಮಾನದಂಡದ ಪ್ರಕಾರ ಧೂಮಪಾನವಿಲ್ಲದ ಕಚೇರಿಯಲ್ಲಿ ತಲೆಗೆ ನಿಮಿಷಕ್ಕೆ 5 ಘನ ಅಡಿ ಹೊಸ ಗಾಳಿ ಸಾಕಿತ್ತು. ತಲೆನೋವು, ಗಂಟಲು ಕೆರೆತ, ಕಣ್ಣುರಿಯ ದೂರುಗಳು ಹೆಚ್ಚಿದವು. ಕಟ್ಟಡಕ್ಕೇ ಕಾಯಿಲೆ ಎಂಬ ಹೊಸ ಪದ ವೈದ್ಯಕೀಯ ವರದಿಗಳಲ್ಲಿ ಕಾಣಿಸಿಕೊಂಡಿತು. 1989ರಲ್ಲಿ ಅದೇ ಸಂಘ ಕನಿಷ್ಠ ಪ್ರಮಾಣವನ್ನು 15 ಘನ ಅಡಿಗೆ ಏರಿಸಿತು. ಡಿಗ್ರಿ ಬದಲಿಸಿದರೆ ಬೆವರುತ್ತದೆ ಅಷ್ಟೆ, ಗಾಳಿ ಕಡಿತ ಮಾಡಿದರೆ ಆರೋಗ್ಯವೇ ಕೆಡುತ್ತದೆ ಎಂಬ ಪಾಠ ಕಲಿಯಲು ಹೀಗೆ ಹತ್ತಿರಹತ್ತಿರ ಒಂದು ದಶಕ ಹಿಡಿಯಿತು.

ಸೂಟಿನ ಅಳತೆಗೋಲು

ಅಷ್ಟಕ್ಕೂ ಕಚೇರಿಗಳು 21, 22 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು ಎಂದು ಹೇಳಿದವರು ಯಾರು?

1941ರಲ್ಲಿ ಅಮೆರಿಕದ ಮೂವರು ಶರೀರವಿಜ್ಞಾನಿಗಳು ಬಟ್ಟೆಯ ಬೆಚ್ಚನೆಯನ್ನು ಅಳೆಯಲು ಒಂದು ಮಾನ ಹುಟ್ಟುಹಾಕಿದರು. ಅದರ ಹೆಸರು ‘ಕ್ಲೋ’. 21 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ ಸುಮ್ಮನೆ ಕುಳಿತ ವ್ಯಕ್ತಿಗೆ ಹಿತವಾಗಿರಲು ಎಷ್ಟು ಬಟ್ಟೆ ಬೇಕೋ ಅದು ಒಂದು ಕ್ಲೋ. ಲೋಕದ ಮಾತಿನಲ್ಲಿ ಹೇಳಬೇಕೆಂದರೆ ಅಂದಿನ ಪಾಶ್ಚಾತ್ಯ ಅಧಿಕಾರಿಯ ಪೂರ್ತಿ ಸೂಟು. ಮೇಲಂಗಿ ಬಿಟ್ಟು ತೆಳು ಅಂಗಿ, ಪ್ಯಾಂಟು ಮಾತ್ರ ತೊಟ್ಟರೆ ಸುಮಾರು ಅರ್ಧ ಕ್ಲೋ. 1970ರಲ್ಲಿ ಡೆನ್ಮಾರ್ಕಿನ ಪ್ರಾಧ್ಯಾಪಕ ಪಿ.ಒ. ಫ್ಯಾಂಗರ್ ಇದನ್ನೂ ಸೇರಿಸಿ, ಗಾಳಿಯ ಉಷ್ಣತೆ, ತೇವ, ಬೀಸುವ ವೇಗ, ಸುತ್ತಲಿನ ಗೋಡೆಗಳ ಬಿಸಿ, ಮೈ ಮಾಡುವ ಕೆಲಸ ಎಲ್ಲವನ್ನೂ ಒಂದು ಸಮೀಕರಣದಲ್ಲಿ ಹೊಂದಿಸಿದರು. ಜಗತ್ತಿನ ಹವಾನಿಯಂತ್ರಣ ಎಂಜಿನಿಯರುಗಳು ಅದನ್ನೇ ನೆಚ್ಚಿಕೊಂಡರು.

ಫ್ಯಾಂಗರರ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಲೆಕ್ಕಕ್ಕೆ ಹಾಕಿದ ಮನುಷ್ಯ ಯಾರು? ಡೆನ್ಮಾರ್ಕ್ ಮತ್ತು ಅಮೆರಿಕದ ವಿದ್ಯಾರ್ಥಿಗಳನ್ನು ಪ್ರಯೋಗದ ಕೋಣೆಯಲ್ಲಿ ಕೂರಿಸಿ ಪಡೆದ ಉತ್ತರಗಳು ಅದಕ್ಕೆ ಆಧಾರ. ಹಳೆಯ ಮಾನದಂಡಗಳಲ್ಲಿ ಮೈಯ ಶಾಖದ ಲೆಕ್ಕಕ್ಕೆ ತೆಗೆದುಕೊಂಡದ್ದು ಗಂಡಸಿನ ಅಳತೆ, ಹೆಂಗಸರ ಮೈ ಉತ್ಪಾದಿಸುವ ಶಾಖ ಅದಕ್ಕಿಂತ ಕಡಿಮೆ ಎಂದು ನೆದರ್‌ಲೆಂಡ್ಸಿನ ಇಬ್ಬರು ಸಂಶೋಧಕರು 2015ರಲ್ಲಿ ತೋರಿಸಿಕೊಟ್ಟರು. ಕಚೇರಿಯಲ್ಲಿ ಹೆಂಗಸರು ಶಾಲು ಹೊದ್ದು ಕೂರುವುದು, ಪಕ್ಕದ ಮೇಜಿನ ಸಾಹೇಬರು ಇನ್ನೂ ಎರಡು ಡಿಗ್ರಿ ಇಳಿಸಿ ಎನ್ನುವುದು ಬರೀ ಹಾಸ್ಯಚಿತ್ರದ ವಸ್ತುವಲ್ಲ, ಅದರ ಹಿಂದೆ ಲೆಕ್ಕದ ದೋಷವೂ ಇದೆ.

ಒಂದು ಡಿಗ್ರಿಗೆ ಎಷ್ಟು ಬೆಲೆ ಎಂಬುದನ್ನೂ ಇಲ್ಲಿಯೇ ನೋಡಬಹುದು. ಹೊರಗೆ 35 ಡಿಗ್ರಿ ಇದ್ದು ಒಳಗೆ 25 ಇಟ್ಟರೆ ನಡುವಿನ ಅಂತರ 10. ಒಳಗೆ 20 ಮಾಡಿದರೆ ಅಂತರ 15. ಅಂತರ ಹೆಚ್ಚಿದಷ್ಟೂ ಗೋಡೆ, ಗಾಜು, ಬಾಗಿಲ ಸಂದುಗಳಿಂದ ಒಳಗೆ ನುಗ್ಗುವ ಶಾಖ ಹೆಚ್ಚು. ಆ ಶಾಖವನ್ನು ಮತ್ತೆ ಹೊರಗೆ ಹಾಕಲು ಯಂತ್ರದ ಕಂಪ್ರೆಸರ್ ಹೆಚ್ಚು ಹೊತ್ತು ದುಡಿಯಬೇಕು, ಹೆಚ್ಚು ಒತ್ತಡಕ್ಕೆ ಏರಬೇಕು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಭಾರತ ಸರ್ಕಾರ ಬಳಸುವ ಲೆಕ್ಕ. ಕಂಪ್ಯೂಟರು, ದೀಪ, ಜನಸಂದಣಿಯ ಬಿಸಿಯೇ ಹೆಚ್ಚಿರುವ ದೊಡ್ಡ ಕಟ್ಟಡಗಳಲ್ಲಿ ಉಳಿತಾಯದ ಪ್ರಮಾಣ ಬೇರೆಯಾಗಬಹುದು. ಹೊರಗೆ ಹಾಕಿದ ಶಾಖ ಎಲ್ಲಿಗೆ ಹೋಗುತ್ತದೆ? ಬೀದಿಗೆ. ಅಮೆರಿಕದ ಫೀನಿಕ್ಸ್ ನಗರದಲ್ಲಿ ಹವಾನಿಯಂತ್ರಣ ಯಂತ್ರಗಳು ಹೊರಗೆ ಕಕ್ಕುವ ಬಿಸಿಯಿಂದ ರಾತ್ರಿಯ ಉಷ್ಣತೆ ಕೆಲವೆಡೆ ಒಂದು ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಏರುತ್ತದೆ ಎಂದು 2014ರ ಅಧ್ಯಯನವೊಂದು ಹೇಳಿತು. ಒಳಗೆ ಕೂತವರ ತಂಪಿಗೆ ಹೊರಗೆ ನಿಂತವರು ಹೀಗೆ ಕಂದಾಯ ಕಟ್ಟುತ್ತಾರೆ.

ಟೈ ಬಿಚ್ಚಿದ ಪ್ರಧಾನಿ

ಕಾರ್ಟರ್ ಅವರಿಗೆ ಕೈಕೊಟ್ಟ ಉಪಾಯ ಜಪಾನಿನಲ್ಲಿ ಫಲಿಸಿತು, ಅದೂ ಎರಡನೇ ಯತ್ನದಲ್ಲಿ. ಮೊದಲ ಯತ್ನ ನಡೆದದ್ದು ಅದೇ 1979ರಲ್ಲಿ. ತೈಲ ಪೂರ್ತಿ ಹೊರಗಿನಿಂದಲೇ ಬರಬೇಕಾದ ಆ ದೇಶದ ಪ್ರಧಾನಿ ಮಸಾಯೋಶಿ ಒಹಿರಾ, ಅರ್ಧ ತೋಳಿನ ಸಫಾರಿ ಸೂಟು ತೊಟ್ಟು ಛಾಯಾಗ್ರಾಹಕರ ಮುಂದೆ ನಿಂತರು. ‘ಇಂಧನ ಉಳಿತಾಯದ ಉಡುಪು’ ಎಂದು ಅದಕ್ಕೆ ಹೆಸರಿಟ್ಟರು. ಜಪಾನೀಯರು ಒಲ್ಲೆ ಎಂದರು. ಮುಂದೆ 1994ರಲ್ಲಿ ಅಲ್ಪಕಾಲ ಪ್ರಧಾನಿಯಾಗಿದ್ದ ತ್ಸುತೊಮು ಹಾತಾ ಮಾತ್ರ ವರ್ಷಗಟ್ಟಲೆ ಅರ್ಧ ತೋಳಿನ ಕೋಟನ್ನು ಬಿಡದೆ ತೊಟ್ಟರು. ಅದು ಅವರ ಗುರುತಾಯಿತೇ ವಿನಾ ದೇಶದ ರೂಢಿಯಾಗಲಿಲ್ಲ.

2005ರ ಫೆಬ್ರುವರಿಯಲ್ಲಿ ಕ್ಯೋಟೊ ಒಪ್ಪಂದ ಜಾರಿಗೆ ಬಂತು. ಜಪಾನ್ ತನ್ನ ಅನಿಲ ಹೊರಸೂಸುವಿಕೆಯನ್ನು ಶೇ 6ರಷ್ಟು ತಗ್ಗಿಸುವ ಮಾತು ಕೊಟ್ಟಿತ್ತು. ಪರಿಸರ ಸಚಿವೆ ಯುರಿಕೊ ಕೊಯಿಕೆ ಮತ್ತು ಪ್ರಧಾನಿ ಜುನಿಚಿರೊ ಕೊಯಿಜುಮಿ ಜೂನ್ 1ರಿಂದ ‘ಕೂಲ್ ಬಿಜ್’ ಎಂಬ ಆಂದೋಲನ ಆರಂಭಿಸಿದರು. ಬೇಸಿಗೆಯಲ್ಲಿ ಕಚೇರಿಯ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್. ಟೈ ಬೇಡ, ಕೋಟು ಬೇಡ. ಕಾನೂನಿಲ್ಲ, ದಂಡವಿಲ್ಲ. ಪ್ರಧಾನಿಯೇ ಟೈ ಬಿಚ್ಚಿ, ಒಕಿನಾವಾ ದ್ವೀಪದ ಹೂವಿನ ಚಿತ್ತಾರದ ಸಡಿಲ ಅಂಗಿ ತೊಟ್ಟು ಬಂದರು. ದೊಡ್ಡ ಕಂಪನಿಗಳ ಮುಖ್ಯಸ್ಥರು ಫ್ಯಾಷನ್ ಪ್ರದರ್ಶನದ ವೇದಿಕೆ ಮೇಲೆ ನಡೆದಾಡಿದರು.

ಜಪಾನಿನ ಕಚೇರಿ ಸಂಸ್ಕೃತಿ ಗೊತ್ತಿದ್ದವರಿಗೆ ಇದರ ತೂಕ ಗೊತ್ತಾಗುತ್ತದೆ. ಅಲ್ಲಿ ಟೈ ಇಲ್ಲದೆ ಗಿರಾಕಿಯ ಮುಂದೆ ಹೋಗುವುದು ಅವಮರ್ಯಾದೆ. ಕಿರಿಯ ಗುಮಾಸ್ತನಿಗೆ ಸೆಕೆಯಾದರೂ ಮೇಲಧಿಕಾರಿ ಕೋಟು ತೆಗೆಯುವವರೆಗೆ ಅವನು ತೆಗೆಯಲಾರ. ಕೊಯಿಜುಮಿ ಮಾಡಿದ್ದು ಇಷ್ಟೇ: ಗಂಟನ್ನು ಮೇಲಿನಿಂದ ಸಡಿಲಿಸಿದರು. ಟೈ ತಯಾರಕರ ಸಂಘ ಮಾತ್ರ ಹೊಟ್ಟೆಪಾಡಿನ ಪ್ರಶ್ನೆ ಎತ್ತಿ ಸರ್ಕಾರಕ್ಕೆ ಮನವಿ ಕೊಟ್ಟಿತು. ಆ ಒಂದು ಬೇಸಿಗೆಯಲ್ಲಿ 4 ಲಕ್ಷ 60 ಸಾವಿರ ಟನ್ ಇಂಗಾಲದ ಡೈಆಕ್ಸೈಡ್ ಉಳಿಯಿತು ಎಂದು ಪರಿಸರ ಸಚಿವಾಲಯ ಅಂದಾಜು ಮಾಡಿತು. ಹತ್ತು ಲಕ್ಷ ಮನೆಗಳು ಒಂದು ತಿಂಗಳಲ್ಲಿ ಹೊರಸೂಸುವಷ್ಟು ಅದು.

ನಿಜವಾದ ಪರೀಕ್ಷೆ ಬಂದದ್ದು 2011ರಲ್ಲಿ. ಮಾರ್ಚ್‌ನ ಸುನಾಮಿ ಫುಕುಶಿಮಾದ ಅಣುಸ್ಥಾವರವನ್ನು ಕೆಡವಿತು. ಬೇಸಿಗೆಯಲ್ಲಿ ಟೋಕಿಯೊ ಮತ್ತು ತೊಹೊಕು ಪ್ರದೇಶದ ದೊಡ್ಡ ಬಳಕೆದಾರರು ಅತ್ಯಧಿಕ ಬೇಡಿಕೆಯನ್ನು ಶೇ 15ರಷ್ಟು ಕಡಿತಗೊಳಿಸಬೇಕೆಂದು ಸರ್ಕಾರ ಆದೇಶಿಸಿತು. ಇಂಥ ಕಡ್ಡಾಯ ಆದೇಶ 1974ರ ನಂತರ ಅದೇ ಮೊದಲು. ಆಗ ಟೈ ಬಿಚ್ಚುವ ಅಭ್ಯಾಸ ಆಗಲೇ ಆರು ಬೇಸಿಗೆ ಹಳೆಯದಾಗಿತ್ತು. ಸರ್ಕಾರಿ ನೌಕರರಿಗೆ ಪೋಲೊ ಅಂಗಿಗೂ ಅನುಮತಿ ಸಿಕ್ಕಿತು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ಆ 28 ಎಂಬ ಸಂಖ್ಯೆ ಎಲ್ಲಿಂದ ಬಂತು? ಕಟ್ಟಡಗಳ ನೈರ್ಮಲ್ಯ ಕುರಿತ 1970ರ ಜಪಾನಿ ಕಾನೂನಿನಲ್ಲಿ ಕೋಣೆಯ ಉಷ್ಣತೆಗೆ ಇದ್ದ ಮೇಲಿನ ಮಿತಿ ಅದು. ಅಂದರೆ ಇದಕ್ಕಿಂತ ಹೆಚ್ಚಾಗಬಾರದು ಎಂಬ ಗೆರೆಯನ್ನೇ ಇಷ್ಟಿರಲಿ ಎಂಬ ಗುರಿ ಮಾಡಿಕೊಂಡಂತಾಯಿತು. ಆಂದೋಲನ ಶುರುವಾದಾಗ ಪರಿಸರ ಸಚಿವಾಲಯದಲ್ಲಿದ್ದ ಮಸಾಹಿತೊ ಮೊರಿಯಾಮಾ, 2017ರಲ್ಲಿ ಕಾನೂನು ಇಲಾಖೆಯ ಉಪಸಚಿವರಾಗಿದ್ದಾಗ, ಆ ಸಂಖ್ಯೆಗೆ ವೈಜ್ಞಾನಿಕ ಆಧಾರವೇನೂ ಇರಲಿಲ್ಲ ಎಂದು ಬಾಯಿಬಿಟ್ಟು ದೊಡ್ಡ ಚರ್ಚೆಗೆ ಕಾರಣರಾದರು. 28ರಲ್ಲಿ ಕೆಲಸದ ಚುರುಕು ಕುಂದುತ್ತದೆ, ವಿದ್ಯುತ್ತಿನಲ್ಲಿ ಉಳಿಸಿದ್ದು ಸಂಬಳದಲ್ಲಿ ಸೋರುತ್ತದೆ ಎಂದು ವಾಸೆಡಾ ವಿಶ್ವವಿದ್ಯಾಲಯದ ಶಿನಿಚಿ ತನಾಬೆ ಮೊದಲಿನಿಂದಲೂ ವಾದಿಸಿದ್ದರು.

ಆ ವಾದವನ್ನು ತಳ್ಳಿಹಾಕುವಂತಿಲ್ಲ. ಸಿಂಗಪುರದ ಪ್ರಧಾನಿಯಾದ ಲೀ ಕುವಾನ್ ಯೂ, ತಾವು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಸರ್ಕಾರಿ ಕಚೇರಿಗಳಿಗೆ ಹವಾನಿಯಂತ್ರಣ ಹಾಕಿಸಿದ್ದು ಎಂದು ಹೇಳಿಕೊಂಡಿದ್ದರು. ಉಷ್ಣವಲಯದಲ್ಲಿ ಆಡಳಿತ ದಕ್ಷವಾಗಬೇಕಾದರೆ ಅದೇ ದಾರಿ ಎಂಬುದು ಅವರ ನಂಬಿಕೆ. ಬೆವರಿನಲ್ಲಿ ತೊಯ್ದ ಗುಮಾಸ್ತ ಕಡತ ಸರಿಸಲಾರ. ಅದೇ ರೀತಿ ಚಳಿಗೆ ನಡುಗುವ ಗುಮಾಸ್ತೆಯೂ ಸರಿಸಲಾರಳು.

ಢಾಕಾದಿಂದ ದೆಹಲಿಗೆ

ಉಳಿದ ದೇಶಗಳ ಕಥೆ ಚಿಕ್ಕದು. ಚೀನಾದ ಸರ್ಕಾರ 2007ರ ಜೂನ್‌ನಲ್ಲಿ ಸಾರ್ವಜನಿಕ ಕಟ್ಟಡಗಳು ಬೇಸಿಗೆಯಲ್ಲಿ 26 ಡಿಗ್ರಿಗಿಂತ ಕೆಳಗೆ ಇಳಿಯಬಾರದೆಂದಿತು. 2009ರಲ್ಲಿ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಅವರ ಸರ್ಕಾರ, ಮಾರ್ಚ್‌ನಿಂದ ನವೆಂಬರ್‌ವರೆಗೆ ಸರ್ಕಾರಿ ನೌಕರರು ಸೂಟು, ಟೈ ತೊಡಬಾರದು, ಯಂತ್ರವನ್ನು 24ಕ್ಕಿಂತ ಕೆಳಗೆ ಇಡಬಾರದು ಎಂದು ಎರಡನ್ನೂ ಒಂದೇ ಆದೇಶದಲ್ಲಿ ಸೇರಿಸಿತು. ಢಾಕಾದ ಸೆಕೆಯಲ್ಲಿ ಸೂಟು ಏಕೆ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಎಂಬುದೇ ಆಶ್ಚರ್ಯ. 2022ರಲ್ಲಿ ಉಕ್ರೇನ್ ಯುದ್ಧದಿಂದ ಅನಿಲದ ಅಭಾವ ತಲೆದೋರಿದಾಗ ಸ್ಪೇನ್ 27 ಡಿಗ್ರಿಯ ಮಿತಿ ಹಾಕಿತು. ಪ್ರಧಾನಿ ಪೆಡ್ರೊ ಸಾಂಚೆಜ್ ಟೈ ಇಲ್ಲದೆ ಪತ್ರಕರ್ತರ ಮುಂದೆ ಬಂದು, ನೀವೂ ಹೀಗೆ ಮಾಡಿ ಎಂದರು. ಮ್ಯಾಡ್ರಿಡ್ ಪ್ರಾಂತದ ಆಡಳಿತ ನಡೆಸುತ್ತಿದ್ದ ವಿರೋಧ ಪಕ್ಷ ಪ್ರತಿಭಟಿಸಿತು. ಕಾರ್ಟರ್ ಕಾಲದ ಜಗಳವೇ ಸ್ಪ್ಯಾನಿಷ್ ಭಾಷೆಯಲ್ಲಿ ಮರುಕಳಿಸಿತು ಎನ್ನಬಹುದು.

ಭಾರತದ ಮಾತು ಬೇರೆ. ಇಲ್ಲಿ ಹವಾನಿಯಂತ್ರಣ ಯಂತ್ರ ಇರುವುದು ಹತ್ತು ಮನೆಗೆ ಒಂದರಷ್ಟರಲ್ಲಿ ಎಂಬುದು ಅಂದಾಜು. ಉಳಿದ ಒಂಬತ್ತಕ್ಕೆ ಫ್ಯಾನೇ ಗತಿ. ಹಾಗಿದ್ದೂ 2024ರ ಮೇ 30ರಂದು, ಉತ್ತರ ಭಾರತ ಬಿಸಿಗಾಳಿಯಲ್ಲಿ ಬೇಯುತ್ತಿದ್ದಾಗ, ದೇಶದ ವಿದ್ಯುತ್ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿ ಹೊಸ ದಾಖಲೆಯಾಯಿತು. ಬೇಡಿಕೆ ತುದಿಗೇರಿ ವಿದ್ಯುತ್ ಸಾಲದಾದಾಗ ಮೊದಲು ಕತ್ತಲಾಗುವುದು ಹಳ್ಳಿಗಳು. ಹಣ ಇರುವವರು ಯಂತ್ರ ಕೊಳ್ಳುವುದನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಸರ್ಕಾರದ ಕೈಯಲ್ಲಿರುವುದು ತನ್ನದೇ ಕಚೇರಿಗಳು ಮತ್ತು ಅಂಗಡಿಗೆ ಬರುವ ಯಂತ್ರದ ಗುಣಮಟ್ಟ.

2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ 2002ರಲ್ಲಿ ಸ್ಥಾಪನೆಯಾದ ಇಂಧನ ದಕ್ಷತಾ ಬ್ಯೂರೊ ಈ ಕೆಲಸಕ್ಕೆ ಹೊಣೆ. 2018ರ ಜೂನ್‌ನಲ್ಲಿ ಅಂದಿನ ವಿದ್ಯುತ್ ಸಚಿವ ಆರ್.ಕೆ. ಸಿಂಗ್, ವಿಮಾನ ನಿಲ್ದಾಣ, ಹೋಟೆಲು, ಕಚೇರಿಗಳು ಯಂತ್ರವನ್ನು 24 ಡಿಗ್ರಿಗೆ ಹೊಂದಿಸಬೇಕೆಂಬ ಸಲಹೆ ಹೊರಡಿಸಿದರು. ಎಲ್ಲರೂ ಪಾಲಿಸಿದರೆ ವರ್ಷಕ್ಕೆ 2,000 ಕೋಟಿ ಯೂನಿಟ್ ವಿದ್ಯುತ್ ಉಳಿಯುತ್ತದೆ ಎಂದು ಸಚಿವಾಲಯ ಹೇಳಿತು. ಇದು ಸಲಹೆಯೇ ಹೊರತು ಆದೇಶವಲ್ಲ. ನಂತರದ ಹೆಜ್ಜೆ ಜಾಣತನದ್ದು. 2020ರ ಜನವರಿ 1ರಿಂದ, ಸ್ಟಾರ್ ಗುರುತಿನ ಕೋಣೆ ಯಂತ್ರಗಳೆಲ್ಲ ಸ್ವಿಚ್ ಹಾಕಿದೊಡನೆ 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮ ಬಂತು. ಬೇಕಾದವರು ರಿಮೋಟ್ ಒತ್ತಿ ಇಳಿಸಿಕೊಳ್ಳಲಿ. ಹೆಚ್ಚಿನ ಜನ ಯಂತ್ರ ಇದ್ದಂತೆಯೇ ಬಿಡುತ್ತಾರೆ ಎಂಬ ಮನುಷ್ಯಸ್ವಭಾವದ ಮೇಲೆ ಇದು ನಿಂತಿದೆ. ತನಿಖಾಧಿಕಾರಿಯೂ ಬೇಡ, ದಂಡವೂ ಬೇಡ. 2025ರ ಜೂನ್‌ನಲ್ಲಿ ಸಚಿವ ಮನೋಹರಲಾಲ್ ಖಟ್ಟರ್, ಹೊಸ ಯಂತ್ರಗಳು 20ಕ್ಕಿಂತ ಕೆಳಗೆ, 28ಕ್ಕಿಂತ ಮೇಲೆ ಹೋಗದಂತೆ ಮಾಡುವ ಯೋಚನೆಯನ್ನು ಪ್ರಕಟಿಸಿದರು.

ಭಾರತೀಯರಿಗೆ ಹಿತವಾದ ಉಷ್ಣತೆ ಯಾವುದು ಎಂಬುದನ್ನು ಭಾರತೀಯರನ್ನೇ ಕೇಳಿ ತಿಳಿಯುವ ಕೆಲಸವೂ ನಡೆದಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯ ಇಬ್ಬರು ವಿಜ್ಞಾನಿಗಳು 1986ರಲ್ಲಿ ಉಷ್ಣವಲಯದ ಬೇಸಿಗೆಗೆಂದೇ ಒಂದು ಸೂಚ್ಯಂಕ ಪ್ರಕಟಿಸಿದರು. ಗಾಳಿ ನಿಂತ, ಶೇ 50ರಷ್ಟು ಆರ್ದ್ರತೆಯ ಕೋಣೆಯ ಲೆಕ್ಕದಲ್ಲಿ 25ರಿಂದ 30 ಡಿಗ್ರಿವರೆಗೆ ಜನರಿಗೆ ಹಿತ, 27.5 ಅತಿ ಹಿತ ಎಂಬುದು ಅದರ ಫಲ. ಫ್ಯಾನು ತಿರುಗಿದರೆ ಇನ್ನೂ ಎರಡು ಡಿಗ್ರಿ ಸಹಿಸಬಹುದು. 2016ರಲ್ಲಿ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರೂ ಸೇರಿ ಐದು ಬಗೆಯ ಹವೆಯ ಊರುಗಳ 16 ಕಚೇರಿ ಕಟ್ಟಡಗಳಲ್ಲಿ 6,330 ಉತ್ತರಗಳನ್ನು ಕಲೆಹಾಕಿದ ಅಧ್ಯಯನ ಹೊರತಂದರು. ಫ್ಯಾಂಗರರ ಸಮೀಕರಣ ಹೇಳುವಷ್ಟು ಸೆಕೆ ಇಲ್ಲಿನವರಿಗೆ ಆಗುವುದಿಲ್ಲ ಎಂದು ಅದರಿಂದ ಗೊತ್ತಾಯಿತು. ಈ ಎರಡನ್ನೂ ಮುಂದಿಟ್ಟುಕೊಂಡು ನೋಡಿದರೆ ಕೆಲವು ಕಚೇರಿಗಳ 18, 20 ಡಿಗ್ರಿ ಹಿತಕ್ಕಾಗಿ ಅಲ್ಲ, ಅಂತಸ್ತಿಗಾಗಿ ಎನ್ನಬೇಕಾಗುತ್ತದೆ.

ಯಂತ್ರವೇ ಬದಲಾದರೆ ಏನಾಗುತ್ತದೆ ಎಂಬುದಕ್ಕೂ ಒಂದು ಪ್ರಯೋಗವಿದೆ. ಬೆಂಗಳೂರಿನ ಇನ್ಫೊಸಿಸ್ ಕಂಪನಿ ಹೈದರಾಬಾದಿನ ಪೋಚಾರಂನಲ್ಲಿ ಕಟ್ಟಿದ ಕಟ್ಟಡವೊಂದನ್ನು ಎರಡು ಸಮಭಾಗ ಮಾಡಿತು. ಒಂದು ಭಾಗಕ್ಕೆ ತಂಪು ಗಾಳಿ ಊದುವ ಎಂದಿನ ವ್ಯವಸ್ಥೆ. ಇನ್ನೊಂದಕ್ಕೆ ಕಾಂಕ್ರೀಟಿನ ಚಾವಣಿಯೊಳಗೆ ಹುದುಗಿಸಿದ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ. ಎರಡನೆಯ ಭಾಗದಲ್ಲಿ ತಂಪಿಗೆ ಖರ್ಚಾದ ವಿದ್ಯುತ್ ಶೇ 34ರಷ್ಟು ಕಡಿಮೆ ಎಂದು 2014ರಲ್ಲಿ ಪ್ರಕಟವಾದ ಲೆಕ್ಕ ಹೇಳಿತು. ಹಳೆಯ ಕಲ್ಲಿನ ಗುಡಿಯೊಳಗೆ ಕಾಲಿಟ್ಟಾಗ ಆಗುವ ತಂಪೂ ಇದೇ ಬಗೆಯದು. ಗಾಳಿಗಿಂತ ಸುತ್ತಲಿನ ಕಲ್ಲು ಮೈಯ ಬಿಸಿಯನ್ನು ಹೀರುತ್ತದೆ.

ಕರ್ನಾಟಕದಲ್ಲಿ ಇನ್ನೊಂದು ಪದ್ಧತಿ ಇದೆ. ಅದನ್ನು ಯಾರೂ ಇಂಧನ ನೀತಿ ಎಂದು ಕರೆಯುವುದಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಮತ್ತು ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಬಿಸಿಲು ನೆತ್ತಿಗೇರುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಉಷ್ಣತೆಯನ್ನು ತಿದ್ದಲಾಗದಿದ್ದರೆ ಗಡಿಯಾರವನ್ನು ತಿದ್ದಿದಂತೆ. ಮಧ್ಯಾಹ್ನದ ಬಸ್ಸಿಗೆ ದೂರದ ಹಳ್ಳಿಯಿಂದ ಬಂದ ರೈತನಿಗೆ ಬೀಗ ಹಾಕಿದ ಬಾಗಿಲು ಕಾಣುತ್ತದೆ ಎಂಬ ದೂರೂ ಇಲ್ಲದಿಲ್ಲ.

ಉಡುಪಿನ ಪ್ರಶ್ನೆ ಮಾತ್ರ ನ್ಯಾಯಾಲಯದ ಬಾಗಿಲಲ್ಲೇ ನಿಂತಿದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ಬೇಸಿಗೆಯಲ್ಲಿ ಕರಿ ಕೋಟು ಕಡ್ಡಾಯವಲ್ಲ, ಆದರೆ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಫ್ಯಾನಿನ ಕೆಳಗೆ ವಾದಿಸುವ ತಾಲ್ಲೂಕು ನ್ಯಾಯಾಲಯದ ವಕೀಲ ಕೋಟು ಕಳಚಬಹುದು, ಹವಾನಿಯಂತ್ರಿತ ಸಭಾಂಗಣದಲ್ಲಿ ನಿಂತವನು ತೊಡಲೇಬೇಕು. ಮೇಲಿನ ನ್ಯಾಯಾಲಯಗಳಲ್ಲೂ ಬೇಸಿಗೆಗೆ ವಿನಾಯಿತಿ ಕೊಡಿ ಎಂದು ಕೋರಿದ ಅರ್ಜಿಯನ್ನು ಪುರಸ್ಕರಿಸಲು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಲಿಲ್ಲ. ಉಡುಪು ನ್ಯಾಯಾಲಯದ ಘನತೆಯ ವಿಷಯ ಎಂದಿತು.